ಬಾಗಿಲು ಯಾರು ಮುಚ್ಚಿದರೇನು, ಕೊಳೆಯೋದು ನಮ್ಮ ಈರುಳ್ಳಿ

(ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾಲಿ, ಬುರ್ಕಿನಾ ಫಾಸೊ, ನೈಜರ್. ಇವು ಪಶ್ಚಿಮ ಆಫ್ರಿಕಾದ ಮೂರು ದೇಶಗಳು. ಮೂರಕ್ಕೂ ಸಮುದ್ರ ಇಲ್ಲ. ಹೆಚ್ಚಿನದು ಮಳೆ ನಂಬಿದ ಬೇಸಾಯ. ಸಜ್ಜೆ, ಜೋಳ, ಅಲಸಂದೆ, ಹತ್ತಿ, ಈರುಳ್ಳಿ, ಜೊತೆಗೆ ದನ, ಕುರಿ. ನಮ್ಮ ಬಯಲುಸೀಮೆಯವರಿಗೆ ಗೊತ್ತಿಲ್ಲದ್ದು ಇದರಲ್ಲಿ ಒಂದೂ ಇಲ್ಲ. ಈ ಮೂರೂ ದೇಶಗಳು 2025ರ ಜನವರಿ 29ರಂದು ಇಕೋವಾಸ್ ಎಂಬ ಆರ್ಥಿಕ ಒಕ್ಕೂಟ ಬಿಟ್ಟು ಹೊರಬಂದವು. ಇದು ಸಾರ್ವಭೌಮತ್ವದ ಪ್ರಶ್ನೆ, ನಮ್ಮ ಮನೆಗೆ ನಾವೇ ಯಜಮಾನರು ಅಂತ ಅಲ್ಲಿನ ಸರ್ಕಾರಗಳು ಸಾರಿದವು. ಆ ಯಜಮಾನಿಕೆಯಲ್ಲಿ ಬೆಳೆದವನಿಗೆ ಎಷ್ಟು ಪಾಲು ಬಂತು ಅನ್ನೋದೇ ನನ್ನ ಇವತ್ತಿನ ವಿಚಾರ.

ಇಕೋವಾಸ್ ಹುಟ್ಟಿದ್ದು 1975ರ ಮೇ ತಿಂಗಳಲ್ಲಿ, ನೈಜೀರಿಯಾದ ಲಾಗೋಸ್‌ನಲ್ಲಿ. ಈ ಮೂರು ದೇಶ ಬಿಡುವ ಹೊತ್ತಿಗೆ ಅದರಲ್ಲಿ 15 ದೇಶಗಳಿದ್ದವು. ಒಂದು ದೇಶದ ಜನ, ಮಾಲು ಇನ್ನೊಂದು ದೇಶಕ್ಕೆ ತಡೆಯಿಲ್ಲದೆ ಹೋಗಿಬರಬೇಕು ಅನ್ನೋದು ಅದರ ಉದ್ದೇಶ. ನೈಜರ್‌ನ ಗಾಲ್ಮಿ ಕಡೆಯ ನೇರಳೆ ಬಣ್ಣದ ಈರುಳ್ಳಿಗೆ ಆ ಭಾಗದಲ್ಲೆಲ್ಲ ಹೆಸರಿದೆ. ಅದು ಗಡಿ ದಾಟಿ ಘಾನಾ, ಐವರಿ ಕೋಸ್ಟ್ ಪೇಟೆಗಳಿಗೆ ಹೋಗಬೇಕು. ಒಳನಾಡಿನ ದನಗಳಿಗೆ ಗಿರಾಕಿ ಇರೋದೂ ಕರಾವಳಿಯ ದೊಡ್ಡ ಪಟ್ಟಣಗಳಲ್ಲೇ.

ಜಗಳ ಎಲ್ಲಿಂದ ಶುರುವಾಯ್ತು? ಮಾಲಿಯಲ್ಲಿ 2020 ಮತ್ತು 2021ರಲ್ಲಿ, ಬುರ್ಕಿನಾದಲ್ಲಿ 2022ರಲ್ಲಿ ಎರಡು ಸಲ, ನೈಜರ್‌ನಲ್ಲಿ 2023ರ ಜುಲೈನಲ್ಲಿ ಸೈನ್ಯದವರು ಅಧಿಕಾರ ಕಿತ್ತುಕೊಂಡರು. ಚುನಾಯಿತ ಸರ್ಕಾರವನ್ನು ಮತ್ತೆ ಕೂರಿಸಿ ಅಂತ ಇಕೋವಾಸ್ ನೈಜರ್ ಮೇಲೆ ನಿರ್ಬಂಧ ಹೇರಿತು. ಗಡಿ ಮುಚ್ಚಿತು, ಹಣದ ವಹಿವಾಟು ನಿಲ್ಲಿಸಿತು, ಸೇನೆ ನುಗ್ಗಿಸ್ತೀವಿ ಅಂತಲೂ ಹೇಳಿತು. ನೈಜೀರಿಯಾ ಕರೆಂಟ್ ಕಡಿಯಿತು. ನೈಜರ್‌ನ ಹೆಚ್ಚಿನ ಕರೆಂಟ್ ಅಲ್ಲಿಂದಲೇ ಬರುತ್ತಿತ್ತು. ಬೆನಿನ್ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು.

ಈಗ ಯೋಚನೆ ಮಾಡಿ. ಪಟ್ಟಾಭಿಷೇಕ ಮಾಡಿಕೊಂಡವರು ಸೇನಾಧಿಕಾರಿಗಳು. ಶಿಕ್ಷೆ ಯಾರಿಗೆ? ಈರುಳ್ಳಿ ಕಿತ್ತು ಚೀಲ ತುಂಬಿದವನಿಗೆ. ಅವನನ್ನು ಕೇಳಿ ಯಾರೂ ದಂಗೆ ಎದ್ದಿರಲಿಲ್ಲ, ಅವನನ್ನು ಕೇಳಿ ಯಾರೂ ಗಡಿಯನ್ನೂ ಮುಚ್ಚಲಿಲ್ಲ. ಇಂಥ ಒಕ್ಕೂಟದ ಮೇಲೆ ಜನಕ್ಕೆ ಸಿಟ್ಟು ಬಂದರೆ ತಪ್ಪೇನು?

ಆ ಸಿಟ್ಟಿನ ಮೇಲೇ 2024ರ ಜನವರಿ 28ರಂದು ಮೂರೂ ಸರ್ಕಾರಗಳು ಒಕ್ಕೂಟ ಬಿಡುತ್ತೇವೆಂದು ಘೋಷಿಸಿದವು. ಮಾರನೆಯ ತಿಂಗಳೇ ಇಕೋವಾಸ್ ನೈಜರ್ ಮೇಲಿನ ನಿರ್ಬಂಧಗಳಲ್ಲಿ ಬಹುಪಾಲನ್ನು ತೆಗೆಯಿತು. ಆಮೇಲೆ ಏನಾಯ್ತು ಗಮನಿಸಿ. ಬೆನಿನ್ ಕಡೆಯ ಗಡಿಯನ್ನು ಈ ಸಲ ನೈಜರ್ ಸರ್ಕಾರವೇ ತೆರೆಯಲಿಲ್ಲ. ಭದ್ರತೆಯ ಕಾರಣ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಧಾನ್ಯಗಳನ್ನು ಹೊರದೇಶಕ್ಕೆ ಮಾರಕೂಡದು ಅಂತ ಅದೇ ಸರ್ಕಾರ ಆಜ್ಞೆ ಹೊರಡಿಸಿತು. ಮಾಲಿ, ಬುರ್ಕಿನಾಗೆ ಮಾತ್ರ ವಿನಾಯಿತಿ. ಮೊದಲು ಬಾಗಿಲು ಮುಚ್ಚಿದವರು ಹೊರಗಿನವರು, ಆಮೇಲೆ ಮುಚ್ಚಿದವರು ಒಳಗಿನವರು. ಚೀಲದೊಳಗಿನ ಈರುಳ್ಳಿಗೆ ಈ ವ್ಯತ್ಯಾಸ ಗೊತ್ತಾಗುತ್ತಾ?

ಸುಂಕದ ಕಥೆಯೂ ಇಷ್ಟೇ. ಇಕೋವಾಸ್ ಹೊರಗಿನ ಮಾಲಿನ ಮೇಲೆ ಶೇಕಡಾ 0.5 ಸುಂಕ ಹಾಕುತ್ತದೆ. ಹೊರಬಂದ ಮೂರು ದೇಶಗಳು 2025ರ ಮಾರ್ಚ್‌ನಲ್ಲಿ ತಮ್ಮದೇ ಕೂಟದ ಖರ್ಚಿಗೆ ಶೇಕಡಾ 0.5 ಸುಂಕ ಹಾಕಿದವು. ಪೆಟ್ಟಿಗೆ ಬದಲಾಯ್ತು, ದರ ಬದಲಾಗಲಿಲ್ಲ.

ಇನ್ನು ಹಣದ ವಿಚಾರ. ಅಲ್ಲಿ ನಡೆಯೋದು ಸಿಎಫ್‌ಎ ಫ್ರಾಂಕ್. 1945ರಲ್ಲಿ ಫ್ರಾನ್ಸ್ ಹುಟ್ಟಿಸಿದ ನಾಣ್ಯ. 1994ರ ಜನವರಿಯಲ್ಲಿ ಒಂದೇ ಏಟಿಗೆ ಅದರ ಬೆಲೆ ಅರ್ಧಕ್ಕಿಳಿಸಿದರು. 50 ಸಿಎಫ್‌ಎಗೆ ಸಿಗುತ್ತಿದ್ದ ಒಂದು ಫ್ರೆಂಚ್ ಫ್ರಾಂಕ್‌ಗೆ 100 ಕೊಡಬೇಕಾಯ್ತು. ಹತ್ತಿ ಮಾರುವ ಕಂಪನಿಗೆ ಕಾಗದದ ಮೇಲೆ ಹಣ ಹೆಚ್ಚಿತು, ಹೊರಗಿಂದ ಬರುವ ಗೊಬ್ಬರ, ಔಷಧಿಯ ಬೆಲೆಯೂ ಏರಿತು. ಇಕೋವಾಸ್ ಬಿಟ್ಟ ದಿನ ಈ ನಾಣ್ಯವನ್ನು ಮೂವರೂ ಬಿಡಲಿಲ್ಲ. ನಾಣ್ಯದ ಒಕ್ಕೂಟ ಬೇರೆ, ಅದರಲ್ಲಿ ಉಳಿದೇ ಇದ್ದರು. ಸಾಲವೂ ಹಾಗೆಯೇ. ಬುರ್ಕಿನಾದ ಥಾಮಸ್ ಸಂಕಾರ 1987ರ ಜುಲೈನಲ್ಲಿ ಅಡಿಸ್ ಅಬಾಬಾದಲ್ಲಿ ನಿಂತು, ಈ ಸಾಲ ನಾವು ತೀರಿಸಲಾರೆವು, ಎಲ್ಲರೂ ಒಟ್ಟಾಗಿ ಹಾಗಂತ ಹೇಳೋಣ ಅಂದಿದ್ದ. ಅದೇ ಅಕ್ಟೋಬರ್‌ನಲ್ಲಿ ಅವನ ಕೊಲೆಯಾಯ್ತು. ಇವತ್ತಿನ ಸೇನಾಧಿಕಾರಿಗಳು ಅವನ ಹೆಸರು ಹೇಳುತ್ತಾರೆ, ಐಎಂಎಫ್ ಹತ್ತಿರ ಸಾಲಕ್ಕೂ ಹೋಗುತ್ತಾರೆ.

ಮಾಡಿದ್ದೆಲ್ಲ ದಂಡ ಅಂತ ನಾನು ಹೇಳೋದಿಲ್ಲ. ಮಾಲಿ 2023ರಲ್ಲಿ ಗಣಿ ಕಾನೂನು ಬದಲಿಸಿ ಚಿನ್ನದ ಗಣಿಯಲ್ಲಿ ದೇಶದ ಪಾಲು ಹೆಚ್ಚಿಸಿಕೊಂಡಿತು. ಅದು ಗಂಡಸುತನದ ಕೆಲಸವೇ. ಆದರೆ ಚಿನ್ನದ ಲೆಕ್ಕ ಬೇರೆ, ಹತ್ತಿಯ ಲೆಕ್ಕ ಬೇರೆ.

ಹೊರಬರುವುದಕ್ಕೆ ಇನ್ನೊಂದು ರೀತಿಯೂ ಇದೆ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್‌ಗೆ ಸೇರಿದ ಹಿಮದ ನಾಡು. ಡೆನ್ಮಾರ್ಕ್ ಜೊತೆಯಲ್ಲಿ ಅದೂ 1973ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಸೇರಬೇಕಾಯ್ತು. ಅವರ ಜೀವನ ಮೀನಿನ ಮೇಲೆ, ಆ ಮೀನಿಗೆ ಪರದೇಶದ ಹಡಗುಗಳು ಬಂದವು. 1982ರ ಫೆಬ್ರವರಿಯಲ್ಲಿ ಜನರ ಮತ ಕೇಳಿದರು. ಬಿಡೋಣ ಅಂದವರು ಸ್ವಲ್ಪ ಹೆಚ್ಚು. ಆದರೆ ಅವತ್ತೇ ಬಾಗಿಲು ದಬ್ಬಿ ಹೊರಡಲಿಲ್ಲ. ಕೂತು ಮಾತಾಡಿದರು. ನಮ್ಮ ನೀರಲ್ಲಿ ನಿಮಗೆ ಇಷ್ಟು ಮೀನು, ನಿಮ್ಮ ಪೇಟೆಯಲ್ಲಿ ನಮ್ಮ ಮೀನಿಗೆ ಸುಂಕ ಇಲ್ಲ ಅಂತ ಒಪ್ಪಂದ ಮಾಡಿಕೊಂಡು 1985ರ ಫೆಬ್ರವರಿ 1ರಂದು ಹೊರಬಂದರು. ಜನರ ಮಾತು ಮೊದಲು, ಪೇಟೆಯ ಭದ್ರತೆ ಆಮೇಲೆ, ಬಾಗಿಲು ದಾಟಿದ್ದು ಕೊನೆಗೆ.

ಇದು ನಮಗೂ ಸಂಬಂಧಪಟ್ಟದ್ದು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿ ಒಪ್ಪಂದಕ್ಕೆ ಸೇರಲ್ಲ ಅಂತ ಹೇಳಿತು. ನ್ಯೂಜಿಲೆಂಡ್ ಹಾಲಿನ ಪುಡಿ ಬಂದರೆ ಹಸು ಸಾಕಿದವರ ಗತಿ ಏನು ಅಂತ ದೇಶದ ತುಂಬ ರೈತರು ಕೂಗಿದ್ದೆವು. ಅವತ್ತು ಒಳ್ಳೇದೇ ಆಯ್ತು. ಅದೇ ದೆಹಲಿ 2023ರ ಡಿಸೆಂಬರ್ 8ರಂದು ಈರುಳ್ಳಿ ರಫ್ತು ನಿಲ್ಲಿಸಿತು. 2024ರ ಮೇ ತನಕ ಬಿಡಲಿಲ್ಲ. ನಮ್ಮ ಗಡಿ ಮುಚ್ಚಿದ್ದು ಯಾವ ಪರದೇಶ?

ಆದ್ದರಿಂದ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಲಿ, ಹರಿದು ಬಿಸಾಕಲಿ, ನಾವು ಕೇಳಬೇಕಾದ್ದು ಮೂರೇ ಮಾತು. ನಮ್ಮನ್ನು ಕೇಳಿದಿರಾ? ಮಾಲು ಎಲ್ಲಿ, ಯಾವ ಬೆಲೆಗೆ ಮಾರಬೇಕು? ಗಡಿ ಮುಚ್ಚಿದ ದಿನದ ನಷ್ಟ ಕಟ್ಟಿಕೊಡುವವರು ಯಾರು? ಈ ಮೂರನ್ನು ಪ್ರತಿ ಗ್ರಾಮ ಘಟಕ ತನ್ನ ಸಭೆಯಲ್ಲಿ ಬರೆದು ನಿರ್ಣಯ ಮಾಡಿ, ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಬೇಕು. ಉತ್ತರ ಬರುವವರೆಗೂ ಕೇಳುತ್ತಲೇ ಇರೋಣ.