ಬೇಲಿ ಇದ್ದರೇ ನಗು: ‘ಕ್ಯಾರಿ ಆನ್ ಇಂಗ್ಲೆಂಡ್’ ಎಂಬ ಯುದ್ಧಕಾಲದ ಪೋಲಿ ಚಿತ್ರ

ಬ್ರಿಟನ್ನಿನಲ್ಲಿ 1976ರಲ್ಲಿ ಒಂದು ಹಾಸ್ಯಚಿತ್ರ ತೆರೆಗೆ ಬಂತು. ಹೆಸರು ‘ಕ್ಯಾರಿ ಆನ್ ಇಂಗ್ಲೆಂಡ್’. ‘ಕ್ಯಾರಿ ಆನ್’ ಮಾಲಿಕೆಯಲ್ಲಿ ಅದು 28ನೆಯದು. ಅದಕ್ಕೆ ಮುಂಚಿನ ಹದಿನೆಂಟು ವರ್ಷ ಈ ಮಾಲಿಕೆಯ ಚಿತ್ರಗಳೆಂದರೆ ಅಲ್ಲಿನ ಜನ ಸಂಸಾರ ಸಮೇತ ಟಿಕೆಟ್ ಕೊಂಡು ಹೋಗಿ ನಕ್ಕು ಬರುತ್ತಿದ್ದರು. ಈ ಚಿತ್ರವನ್ನು ಮಾತ್ರ ಕೆಲವು ಥಿಯೇಟರುಗಳು ಮೂರೇ ದಿನಕ್ಕೆ ಎತ್ತಂಗಡಿ ಮಾಡಿದವು. ಇಂದಿಗೂ ಮಾಲಿಕೆಯ ಅಭಿಮಾನಿಗಳಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಇದಕ್ಕಿಂತ ಕಳಪೆ ಇನ್ನೊಂದಿಲ್ಲ ಎನ್ನುವವರಿದ್ದಾರೆ. ನಟರ ಮುಖ ನೋಡಿ ಕ್ಷಮಿಸಿಬಿಡಬಹುದು ಎನ್ನುವವರೂ ಇದ್ದಾರೆ. ಗೆಲ್ಲುವ ಕಲೆ ಚೆನ್ನಾಗಿ ಗೊತ್ತಿದ್ದವರೇ ತೆಗೆದ ಚಿತ್ರ ಹೀಗೇಕೆ ಮಕಾಡೆ ಮಲಗಿತು? ಪೋಲಿ ಹಾಸ್ಯ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಈ ಪ್ರಶ್ನೆಯ ಬೆನ್ನು ಹತ್ತಿದರೆ ತಿಳಿಯುತ್ತದೆ.

ಮೊದಲು ಕಥೆ. ಕಾಲ 1940. ಜರ್ಮನ್ ವಿಮಾನಗಳು ಇಂಗ್ಲೆಂಡಿನ ಮೇಲೆ ಬಾಂಬು ಸುರಿಯುತ್ತಿವೆ. ಒಂದು ವಿಮಾನ ನಿರೋಧಕ ಫಿರಂಗಿ ದಳದಲ್ಲಿ ಪ್ರಯೋಗಕ್ಕೆಂದು ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೆ ಹಾಕಿದ್ದಾರೆ. ಅಲ್ಲಿ ಫಿರಂಗಿಯ ಅಭ್ಯಾಸ ಒಂದನ್ನು ಬಿಟ್ಟು ಮಿಕ್ಕ ಅಭ್ಯಾಸಗಳೆಲ್ಲ ಸಾಂಗವಾಗಿ ನಡೆಯುತ್ತಿವೆ. ಶಿಸ್ತು ತರಲು ಕ್ಯಾಪ್ಟನ್ ಎಸ್. ಮೆಲ್ಲಿ ಬರುತ್ತಾನೆ. ಆ ಹೆಸರನ್ನು ಒಂದೇ ಉಸಿರಿಗೆ ಹೇಳಿದರೆ ನಾರುವವನು ಎಂದಾಗುತ್ತದೆ. ಉಳಿದವರ ಹೆಸರುಗಳೂ ಹಾಗೆಯೇ: ರೆಡಿ, ವಿಲ್ಲಿಂಗ್, ಏಬಲ್, ಈಸಿ. ಕ್ಯಾಪ್ಟನ್ ಗಂಡಸರ ಬಿಡಾರಕ್ಕೂ ಹೆಂಗಸರ ಬಿಡಾರಕ್ಕೂ ನಡುವೆ ಮುಳ್ಳುತಂತಿಯ ಬೇಲಿ ಹಾಕಿಸುತ್ತಾನೆ. ಸಿಪಾಯಿಗಳು ನೆಲದಡಿ ಸುರಂಗ ತೋಡುತ್ತಾರೆ. ಕೊನೆಗೆ ನಿಜವಾದ ವಾಯುದಾಳಿ ಬಂದಾಗ ಈ ಪೋಲಿ ದಂಡೇ ಫಿರಂಗಿ ಹಿಡಿದು ಮರ್ಯಾದೆ ಉಳಿಸಿಕೊಳ್ಳುತ್ತದೆ.

ಕಥೆ ಕಲ್ಪಿತವಾದರೂ ಅಂಥ ದಳಗಳು ನಿಜಕ್ಕೂ ಇದ್ದವು. ಯುದ್ಧ ಶುರುವಾಗುವ ಮುನ್ನ, 1938ರಲ್ಲೇ, ವಿಮಾನ ನಿರೋಧಕ ಪಡೆಯ ಜನರಲ್ ಫ್ರೆಡರಿಕ್ ಪೈಲ್ ಅವರು ಕ್ಯಾರೊಲಿನ್ ಹ್ಯಾಸ್ಲೆಟ್ ಎಂಬ ಮಹಿಳಾ ಎಂಜಿನಿಯರನ್ನು ಕರೆಸಿ ತಮ್ಮ ದಳದ ಕೆಲಸ ತೋರಿಸಿದರು. ಹೆಚ್ಚು ಭಾರ ಹೊರುವ ಕೆಲಸ ಬಿಟ್ಟರೆ ಮಿಕ್ಕಿದ್ದನ್ನೆಲ್ಲ ಹೆಂಗಸರು ಮಾಡಬಲ್ಲರು ಎಂದು ಆಕೆ ತೀರ್ಪು ಕೊಟ್ಟರು. ಆದರೂ ಮೊದಲ ಮಿಶ್ರ ದಳ ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ ಕಾವಲಿಗೆ ನಿಂತದ್ದು 1941ರಲ್ಲಿ. ಚಿತ್ರ ಕಥೆಯನ್ನು ಒಂದು ವರ್ಷ ಹಿಂದಕ್ಕೆ ತಳ್ಳಿದೆ.

ಆ ದಳಗಳಲ್ಲಿ ಕೆಲಸ ಹೀಗೆ ಹಂಚಿಕೆಯಾಗಿತ್ತು. ಬರುತ್ತಿರುವ ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವವರು ಹೆಂಗಸರು. ಅದರ ವೇಗ ಎಷ್ಟು, ಗುಂಡು ಮೇಲೇರುವ ಹೊತ್ತಿಗೆ ಅದು ಎಲ್ಲಿರುತ್ತದೆ ಎಂದು ಯಂತ್ರದಿಂದ ಲೆಕ್ಕ ಹಾಕುವವರೂ ಅವರೇ. ಸುಮಾರು 13 ಕಿಲೋ ತೂಕದ ಗುಂಡನ್ನು ಫಿರಂಗಿಗೆ ತುಂಬಿ ಹಾರಿಸುವವರು ಗಂಡಸರು. ಲೆಕ್ಕ ಹೆಂಗಸಿನದು, ಹಾರಿಸುವ ಕೈ ಗಂಡಸಿನದು. ಹೆಣ್ಣು ಕೊಲ್ಲಬಾರದು ಎಂಬ ಆ ಕಾಲದ ನಂಬಿಕೆಗೆ ಧಕ್ಕೆಯಾಗದಂತೆ ಸರ್ಕಾರ ಎಳೆದುಕೊಂಡಿದ್ದ ಗೆರೆ ಅದು. ಅಪಾಯ ಇಬ್ಬರಿಗೂ ಒಂದೇ ಇತ್ತು, ಸಂಬಳ ಮಾತ್ರ ಹೆಂಗಸರಿಗೆ ಗಂಡಸರ ಮೂರರಲ್ಲಿ ಎರಡು ಪಾಲು. ಪ್ರಧಾನಿ ಚರ್ಚಿಲ್ ಅವರ ಕಿರಿಯ ಮಗಳು ಮೇರಿ ಕೂಡ ಹೈಡ್ ಪಾರ್ಕಿನ ಇಂಥದೊಂದು ದಳದಲ್ಲಿದ್ದಳು. ಗಂಡು ಹೆಣ್ಣು ಒಂದೇ ಬಿಡಾರದಲ್ಲಿದ್ದರೆ ಏನಾದೀತು ಎಂದು ಊರೆಲ್ಲ ಗುಸುಗುಸು ಎದ್ದಿದ್ದೂ ನಿಜ. ಚಿತ್ರ ಹುಟ್ಟಿದ್ದು ಆ ಗುಸುಗುಸುವಿನಿಂದ.

ಇನ್ನು ‘ಕ್ಯಾರಿ ಆನ್’ ಹಾಸ್ಯದ ಬಗೆ. 1958ರ ‘ಕ್ಯಾರಿ ಆನ್ ಸಾರ್ಜೆಂಟ್’ನಿಂದ ಶುರುವಾದ ಈ ಚಿತ್ರಗಳಿಗೆಲ್ಲ ನಿರ್ಮಾಪಕ ಪೀಟರ್ ರಾಜರ್ಸ್, ನಿರ್ದೇಶಕ ಜೆರಾಲ್ಡ್ ಥಾಮಸ್. ಕಡಿಮೆ ದುಡ್ಡು, ಕೆಲವೇ ವಾರಗಳ ಚಿತ್ರೀಕರಣ, ಅದೇ ನಟರ ತಂಡ. ಟಾಲ್ಬಟ್ ರಾಥ್‌ವೆಲ್ ಎಂಬ ಲೇಖಕ ಒಬ್ಬನೇ 20 ಚಿತ್ರಗಳಿಗೆ ಬರೆದ. ಆತನ ಕೈಯಲ್ಲಿ ದ್ವಂದ್ವಾರ್ಥ ಒಂದು ಕಸುಬಾಗಿತ್ತು. ಪಾತ್ರ ಆಡುವುದು ಸಭ್ಯವಾದ ಮಾತನ್ನೇ. ಕೇಳಿದವನ ಮನಸ್ಸು ಬೇರೆಲ್ಲೋ ಹೋಗುತ್ತದೆ. ಬೈಯೋಣವೆಂದರೆ ಆಡಿದವನ ತಪ್ಪೇನೂ ಇಲ್ಲ! ಪಕ್ಕದಲ್ಲಿ ಕೂತ ಮಗುವಿಗೆ ಏನೂ ಅರ್ಥವಾಗಿರುವುದಿಲ್ಲ, ಅಜ್ಜಿಗೆ ಎಲ್ಲವೂ ಅರ್ಥವಾಗಿರುತ್ತದೆ. ಇಂಗ್ಲೆಂಡಿನ ಕಡಲತೀರದ ಊರುಗಳಲ್ಲಿ ಮಾರುತ್ತಿದ್ದ ಪೋಲಿ ಚಿತ್ರದ ಅಂಚೆಕಾರ್ಡುಗಳು ಈ ಹಾಸ್ಯದ ತವರು. ಆ ಕಾರ್ಡುಗಳ ಕಲಾವಿದ ಡೊನಾಲ್ಡ್ ಮೆಗಿಲ್ ಬಗ್ಗೆ ಜಾರ್ಜ್ ಆರ್ವೆಲ್ 1941ರಲ್ಲಿ ಗಂಭೀರವಾದ ಪ್ರಬಂಧವನ್ನೇ ಬರೆದ. ಅದೇ ಮೆಗಿಲ್ 1954ರಲ್ಲಿ ಅಶ್ಲೀಲತೆಯ ಆರೋಪದ ಮೇಲೆ ಕೋರ್ಟಿನ ಕಟಕಟೆ ಹತ್ತಬೇಕಾಯಿತು. ಅಂದರೆ ಈ ನಗು ಬೆಳೆದದ್ದು ಕಾನೂನು, ಚರ್ಚು, ನೆರೆಹೊರೆಯವರ ಕಣ್ಣು, ಇಷ್ಟೂ ಬೇಲಿಗಳ ನಡುವೆ.

1970ರ ದಶಕಕ್ಕೆ ಬ್ರಿಟನ್ನಿನಲ್ಲಿ ಆ ಬೇಲಿಗಳು ಒಂದೊಂದಾಗಿ ಸಡಿಲವಾದವು. 1974ರಲ್ಲಿ ‘ಕನ್ಫೆಷನ್ಸ್ ಆಫ್ ಎ ವಿಂಡೋ ಕ್ಲೀನರ್’ ಎಂಬ ಚಿತ್ರ ಮುಚ್ಚುಮರೆಯಿಲ್ಲದೆ ನಗ್ನತೆ ತೋರಿಸಿ ಭರ್ಜರಿ ದುಡ್ಡು ಬಾಚಿತು. ರಾಜರ್ಸ್ ಮತ್ತು ಥಾಮಸ್‌ಗೆ ಹೊಟ್ಟೆ ಚುರುಕ್ ಎಂದಿರಬೇಕು. ‘ಕ್ಯಾರಿ ಆನ್ ಇಂಗ್ಲೆಂಡ್’ನಲ್ಲಿ ಕ್ಯಾಪ್ಟನ್ನನ ಮುಂದೆ ಹೆಣ್ಣು ಸಿಪಾಯಿಗಳು ಎದೆ ಬರಿದಾಗಿ ನಿಲ್ಲುವ ದೃಶ್ಯ ಸೇರಿಸಿದರು. ಸೆನ್ಸಾರ್ ಮಂಡಳಿ ‘ಎಎ’ ಪ್ರಮಾಣಪತ್ರ ಕೊಟ್ಟಿತು. ಹದಿನಾಲ್ಕು ತುಂಬದವರಿಗೆ ಪ್ರವೇಶವಿಲ್ಲ ಎಂದರ್ಥ. ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ಸಂಸಾರಗಳೇ ಈ ಮಾಲಿಕೆಯ ಆಧಾರವಾಗಿದ್ದವು. ಗಾಬರಿಯಾಗಿ ಕತ್ತರಿ ಹಾಕಿಸಿ ‘ಎ’ ಪ್ರಮಾಣಪತ್ರ ಪಡೆದರು. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಹಳೆಯ ಪ್ರೇಕ್ಷಕರಿಗೆ ಇದು ಹದ್ದು ಮೀರಿದ ಚಿತ್ರ, ಹೊಸ ಹುಡುಗರಿಗೆ ಸಪ್ಪೆ ಚಿತ್ರ. ಅಲ್ಲೂ ಸಲ್ಲಲಿಲ್ಲ, ಇಲ್ಲೂ ಸಲ್ಲಲಿಲ್ಲ. ಒಗ್ಗರಣೆಯಾಗಿ ಇರಬೇಕಾದ ಪೋಲಿತನವನ್ನೇ ಅಡುಗೆ ಮಾಡಿ ಬಡಿಸಿದರೆ ಊಟ ಒಗ್ಗುವುದು ಕಷ್ಟ.

ತಂಡವೂ ಒಡೆದಿತ್ತು. ರಾಥ್‌ವೆಲ್ 1974ರ ‘ಕ್ಯಾರಿ ಆನ್ ಡಿಕ್’ ಬರೆದು ಮಾಲಿಕೆ ಬಿಟ್ಟಿದ್ದ. ಈ ಚಿತ್ರ ಬರೆದವರು ಡೇವಿಡ್ ಪರ್ಸಾಲ್ ಮತ್ತು ಜ್ಯಾಕ್ ಸೆಡನ್. ಗಹಗಹಿಸುವ ನಗುವಿಗೇ ಹೆಸರಾದ ಸಿಡ್ ಜೇಮ್ಸ್ 1976ರ ಏಪ್ರಿಲ್‌ನಲ್ಲಿ ಸಂಡರ್ಲೆಂಡಿನ ರಂಗಮಂದಿರದಲ್ಲಿ ನಾಟಕ ನಡೆಯುತ್ತಿದ್ದಾಗಲೇ ಕುಸಿದು ತೀರಿಕೊಂಡಿದ್ದ. ಮಾಲಿಕೆಯ ಹಳೆಯ ನಟರಾದ ಕೆನೆತ್ ವಿಲಿಯಮ್ಸ್, ಬಾರ್ಬರಾ ವಿಂಡ್ಸರ್ ಇದರಲ್ಲಿ ಇಲ್ಲ. ಅವರ ಜಾಗ ತುಂಬಲು ಟಿ.ವಿ.ಯಿಂದ ವಿಂಡ್ಸರ್ ಡೇವಿಸ್ ಮತ್ತು ಮೆಲ್ವಿನ್ ಹೇಯ್ಸ್ ಎಂಬ ಜನಪ್ರಿಯ ಜೋಡಿಯನ್ನು ತಂದರು. ಈ ಜೋಡಿಗೆ ನಮ್ಮ ದೇಶದ ನಂಟಿದೆ. ಅವರು ಹೆಸರು ಮಾಡಿದ ಬಿಬಿಸಿ ಧಾರಾವಾಹಿ ‘ಇಟ್ ಏಂಟ್ ಹಾಫ್ ಹಾಟ್ ಮಮ್’ ಕಥೆ ಶುರುವಾಗುವುದು ನಾಸಿಕದ ಹತ್ತಿರದ ದೇವಳಾಲಿ ದಂಡಿನಲ್ಲಿ, ಸೈನಿಕರನ್ನು ರಂಜಿಸುವ ನಾಟಕ ತಂಡವೊಂದರಲ್ಲಿ. ಅಲ್ಲಿ ಗುಡುಗುತ್ತಿದ್ದ ಸಾರ್ಜೆಂಟ್ ಮೇಜರನ್ನೇ ಡೇವಿಸ್ ಇಲ್ಲಿಯೂ ತಂದ. ಚಿತ್ರವನ್ನು ಮೆಚ್ಚುವವರು ಮೊದಲು ಹೇಳುವುದು ಆ ಗಂಟಲನ್ನು.

ಎರಡನೆಯದಾಗಿ ಹೇಳುವುದು ಕ್ಯಾಪ್ಟನ್ ಪಾತ್ರದ ಕೆನೆತ್ ಕಾನರ್ ಹೆಸರನ್ನು. ಬಿದ್ದು, ಎದ್ದು, ಕೆಸರು ಮೆತ್ತಿಸಿಕೊಂಡು, ಕಣ್ಣು ಕೆಂಪು ಮಾಡಿಕೊಂಡು ಆತ ಚಿತ್ರವನ್ನು ಹೊತ್ತು ನಡೆದಿದ್ದಾನೆ. ಮೊದಲ ಚಿತ್ರದಲ್ಲಿ ಇದೇ ಕಾನರ್, ಇಲ್ಲದ ರೋಗಗಳನ್ನೆಲ್ಲ ಹಚ್ಚಿಕೊಂಡು ಡಾಕ್ಟರ ಹತ್ತಿರ ಓಡುವ ಹೊಸ ಸಿಪಾಯಿಯಾಗಿದ್ದ. ಆ ಚಿತ್ರದಲ್ಲಿ ನಿವೃತ್ತಿಯ ಹೊಸ್ತಿಲಲ್ಲಿರುವ ಸಾರ್ಜೆಂಟ್ ತಾನು ತರಬೇತಿ ಕೊಡುವ ಕೊನೆಯ ತಂಡವೇ ಮೊದಲು ಬರುತ್ತದೆಂದು 50 ಪೌಂಡ್ ಪಂಥ ಕಟ್ಟುತ್ತಾನೆ. ತಂಡವೋ ಕೆಲಸಕ್ಕೆ ಬಾರದ್ದು. ಕೊನೆಗೆ ಆ ಹುಡುಗರು ಅವನಿಗಾಗಿಯೇ ಗೆಲ್ಲುತ್ತಾರೆ. ‘ಇಂಗ್ಲೆಂಡ್’ ಚಿತ್ರದ ಕಥೆಯ ಹಂದರವೂ ಹೆಚ್ಚುಕಡಿಮೆ ಅದೇ. ಆದರೆ ಇಲ್ಲಿ ಕ್ಯಾಪ್ಟನ್ನನ ಮೇಲೆ ಸಿಪಾಯಿಗಳಿಗೆ ಪ್ರೀತಿ ಹುಟ್ಟಲು ಕಾರಣವೇ ಇಲ್ಲ. ಹಾಗಾಗಿ ಗೆದ್ದಾಗ ನಮಗೂ ಏನೂ ಅನ್ನಿಸುವುದಿಲ್ಲ.

ಸಣ್ಣ ಪಾತ್ರವೊಂದರಲ್ಲಿ ಬರುವ ಪೀಟರ್ ಬಟರ್‌ವರ್ತ್ ಬಗ್ಗೆ ಒಂದು ಮಾತು ಹೇಳಲೇಬೇಕು. ಆತ ನಿಜವಾಗಿ 1940ರಲ್ಲಿ ಜರ್ಮನರಿಗೆ ಸೆರೆ ಸಿಕ್ಕ ನೌಕಾ ವಾಯುಪಡೆಯ ಅಧಿಕಾರಿ. ಸೆರೆಶಿಬಿರದಲ್ಲಿ ಪರಿಚಯವಾದ ಇನ್ನೊಬ್ಬ ಕೈದಿ ಇದೇ ಟಾಲ್ಬಟ್ ರಾಥ್‌ವೆಲ್. ಸುರಂಗ ತೋಡುವ ಸದ್ದು ಕಾವಲುಗಾರರಿಗೆ ಕೇಳದಿರಲಿ ಎಂದು ಇಬ್ಬರೂ ವೇದಿಕೆ ಹತ್ತಿ ಗದ್ದಲದ ಹಾಡು ಹಾಡಿದರು. ಅಂಗಳದಲ್ಲಿ ಮರದ ಕುದುರೆಯ ಮೇಲಿಂದ ಜಿಗಿಯುತ್ತ ಅದರಡಿಯ ಸುರಂಗವನ್ನು ಮರೆಮಾಡಿದವರಲ್ಲೂ ಬಟರ್‌ವರ್ತ್ ಇದ್ದ. ಯುದ್ಧದ ನಂತರ ಆ ಸಾಹಸವೇ ‘ದಿ ವುಡನ್ ಹಾರ್ಸ್’ ಎಂಬ ಚಿತ್ರವಾಯಿತು. ಪಾತ್ರ ಕೇಳಲು ಹೋದ ಆತನನ್ನು, ನೋಡಲು ವೀರನ ಹಾಗಿಲ್ಲ ಎಂದು ವಾಪಸು ಕಳಿಸಿದರಂತೆ! ಕಾವಲುಗಾರನ ಕಣ್ಣೆದುರೇ ಆಡಿದ, ಹಾಡಿದ ಆ ಹಾಸ್ಯಕ್ಕೆ ಜೀವದ ಹಂಗಿತ್ತು. ಅಂಥವರು ಬರೆದಾಗ, ನಟಿಸಿದಾಗ ಪೋಲಿ ಮಾತಿಗೂ ಒಂದು ತೂಕ ಬರುತ್ತಿತ್ತು.

ಇದೇ ನನ್ನ ಮುಖ್ಯ ಮಾತು. ಪೋಲಿ ಹಾಸ್ಯ ಮೈ ತೋರಿಸುವುದರಲ್ಲಿಲ್ಲ, ಅಧಿಕಾರದ ಕಣ್ಣು ತಪ್ಪಿಸುವುದರಲ್ಲಿದೆ. ‘ಕ್ಯಾರಿ ಆನ್ ಇಂಗ್ಲೆಂಡ್’ನಲ್ಲೂ ಮುಳ್ಳುತಂತಿ, ಸುರಂಗ, ಮೂಗಿನ ಕೆಳಗೇ ನಡೆಯುವ ಕಳ್ಳಾಟ ಇರುವ ಕಡೆಯೆಲ್ಲ ನಗು ಬರುತ್ತದೆ. ಬಟ್ಟೆ ಕಳಚಿದ ಕಡೆ ಕಣ್ಣಿಗೆ ಕೆಲಸ ಸಿಗುತ್ತದೆ, ಬುದ್ಧಿಗೆ ಸಿಗುವುದಿಲ್ಲ. ನಿರ್ಮಾಪಕರು ಈ ಪಾಠ ಕಲಿಯಲಿಲ್ಲ. 1978ರ ‘ಕ್ಯಾರಿ ಆನ್ ಇಮ್ಯಾನುಯೆಲ್’ನಲ್ಲಿ ಇನ್ನೂ ಮುಂದೆ ಹೋದರು, ಅಲ್ಲಿಗೆ ಮಾಲಿಕೆ ನಿಂತೇ ಹೋಯಿತು. 1992ರಲ್ಲಿ ಮತ್ತೆ ಎಬ್ಬಿಸಲು ನೋಡಿದ ಒಂದು ಪ್ರಯತ್ನವೂ ಫಲಿಸಲಿಲ್ಲ. 1968ರ ‘ಕ್ಯಾರಿ ಆನ್ ಅಪ್ ದಿ ಖೈಬರ್’ ಮಾತ್ರ 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ನೂರು ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 99ನೆಯ ಸ್ಥಾನ ಪಡೆಯಿತು.

ಆಸಕ್ತಿ ಇರುವ ಕೇಳುಗರು ಮೊದಲು ‘ಸಾರ್ಜೆಂಟ್’ ನೋಡಲಿ, ಆಮೇಲೆ ‘ಇಂಗ್ಲೆಂಡ್’ ನೋಡಲಿ. ಎರಡೂ ದಂಡಿನ ಕಥೆಗಳೇ, ಎರಡರಲ್ಲೂ ಕಾನರ್ ಇದ್ದಾನೆ. ಹದಿನೆಂಟು ವರ್ಷಗಳಲ್ಲಿ ಒಂದು ನಾಡು ಯಾವುದಕ್ಕೆ ನಗುತ್ತಿತ್ತು, ಯಾವುದಕ್ಕೆ ನಗುವುದನ್ನು ನಿಲ್ಲಿಸಿತು ಎಂದು ತಿಳಿಯಲು ಆ ಮೂರು ಗಂಟೆ ಸಾಕು.