ಬೆಳೆಯ ಜೊತೆಗೊಂದು ಕಸಬು



ಬ್ಯಾಡಗಿ ಭಾಗದ ಹಳ್ಳಿಗಳಲ್ಲಿ ಬೀಜ ಗೊಬ್ಬರದ ಮಾತು ಮುಗಿದ ಮೇಲೆ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: "ಸಾಹೇಬ್ರ, ಮಗಾ ಹತ್ತನೇತ್ತಾ ಪಾಸಾಗ್ಯಾನ. ಹೊಲಕ್ಕ ಹಚ್ಚೂಣೇನ್ರಿ, ಊರು ಬಿಟ್ಟು ಕಳಸೂಣೇನ್ರಿ?" ಈ ಎರಡರ ನಡುವೆ ಮೂರನೆಯ ದಾರಿಯೂ ಒಂದಿದೆ. ಅದು ಬೆಳೆಗೆ ಹೊಂದಿದ ಕಸಬು ಕಲಿಯುವುದು.

ಸೋಮವಾರ ಇಲ್ಲವೇ ಗುರುವಾರ ನಮ್ಮ ಮಾರುಕಟ್ಟೆ ನೋಡಿರಿ. ಚೀಲ ಹೊರುವ ಹಮಾಲರು, ತುಂಬು ಬಿಡಿಸುವ ಹೆಣ್ಣುಮಕ್ಕಳು, ತೂಗುವವರು, ಲೆಕ್ಕ ಬರೆಯುವವರು. ಒಂದು ಮೆಣಸಿನಕಾಯಿ ಎಷ್ಟು ಮಂದಿಗೆ ಅನ್ನ ಕೊಡುತ್ತದೆ! ಆದರೆ ಕೆಲಸದ ರೀತಿ ಬದಲಾಗುತ್ತಿದೆ. ಟೆಂಡರು ಕಂಪ್ಯೂಟರಿಗೆ ಏರಿದೆ. ಶೀತಲಗೃಹಗಳು ಎದ್ದಿವೆ. ಕಾಯಿಯ ಕೆಂಪು ಬಣ್ಣ ತೆಗೆದು ಓಲಿಯೋರೆಸಿನ್ ಎಂಬ ಸಾರ ಮಾಡುವ ಕಾರ್ಖಾನೆಗಳು ನಮ್ಮ ಕಾಯಿ ಕೊಳ್ಳುತ್ತವೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮನ್ನಣೆಯೂ ದೊರೆಯಿತು. ಬೆಳೆಯ ಹೆಸರು ಉಳಿದೀತು. ಬರಿಯ ತೋಳಬಲದ ಕೆಲಸ ಇದ್ದಂತೆಯೇ ಉಳಿದೀತೆಂದು ನಂಬಿ ಕೂಡ್ರುವಂತಿಲ್ಲ.

ಹಾಗಾದರೆ ಏನು ಕಲಿಸಬೇಕು?

ಮೊದಲನೆಯದು, ಯಂತ್ರದ ಕೆಲಸ. ಹತ್ತನೆಯ ತರಗತಿ ಪಾಸಾದವರು ಐ.ಟಿ.ಐ.ನಲ್ಲಿ ವಿದ್ಯುತ್ ಕೆಲಸ, ಫಿಟ್ಟರ್ ಕೆಲಸ, ಶೀತಲಯಂತ್ರ ದುರಸ್ತಿಗಳನ್ನು ಎರಡು ವರ್ಷದಲ್ಲಿ ಕಲಿಯಬಹುದು. ಶೀತಲಗೃಹದ ಯಂತ್ರ ನಡುರಾತ್ರಿ ನಿಂತರೆ ಒಳಗಿದ್ದ ರೈತನ ಮಾಲಿನ ಗತಿ ಏನು? ಆಗ ಬೇಕಾದವನು ನಿಮ್ಮ ಮಗನೇ ಏಕಾಗಬಾರದು? ಕಲಿತ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತ ಕೈ ಪಳಗಿಸಿಕೊಳ್ಳಲೂ ದಾರಿಯುಂಟು.

ಎರಡನೆಯದು, ಅಳೆಯುವ ವಿದ್ಯೆ. ಒಣಕಾಯಿಯಲ್ಲಿ ತೇವಾಂಶ ಶೇಕಡಾ 11 ಮೀರಬಾರದು. ಮೀರಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನಿಂದ ವಿಷವೂ ಹುಟ್ಟುತ್ತದೆ. ತಾಯಿ ಕಾಯಿ ಅಲುಗಿಸಿ, ಬೀಜದ ಸಪ್ಪಳ ಕೇಳಿ, ಒಣಗಿತೋ ಇಲ್ಲವೋ ಹೇಳಿಬಿಡುತ್ತಾಳೆ. ಮಗಳು ಅದನ್ನೂ ಕಲಿಯಲಿ, ತೇವಮಾಪಕ ಹಿಡಿಯುವುದನ್ನೂ ಕಲಿಯಲಿ. ಎರಡೂ ಬಲ್ಲವಳ ಮಾತಿಗೆ ತೂಕ ಹೆಚ್ಚು. ಸಂಸ್ಕರಣೆಯ ತರಬೇತಿಗಾಗಿ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ಮೂರನೆಯದು, ಸ್ವಂತ ಉದ್ಯೋಗ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಊಟ, ವಸತಿ, ಪಾಠ ಎಲ್ಲವೂ ಉಚಿತ. ನಿಮ್ಮ ಬ್ಯಾಂಕಿನಲ್ಲಿ ಕೇಳಿದರೆ ವಿಳಾಸ ಸಿಗುತ್ತದೆ.

ಒಂದು ಎಚ್ಚರಿಕೆ. "ರೊಕ್ಕ ಕಟ್ಟರಿ, ನೌಕರಿ ಕೊಡಸ್ತೀವಿ" ಎನ್ನುವವರೂ ಊರಿಗೆ ಬರುತ್ತಾರೆ. ಸಾಲ ಮಾಡಿ ಶುಲ್ಕ ಕಟ್ಟುವ ಮೊದಲು ಮೂರು ಮಾತು ಕೇಳಿರಿ: ಮಗು ಯಂತ್ರವನ್ನು ತನ್ನ ಕೈಯಾರೆ ಬಿಚ್ಚಿ ಜೋಡಿಸುವುದೋ, ಬರೀ ನೋಡುವುದೋ? ಪ್ರಮಾಣಪತ್ರಕ್ಕೆ ಸರಕಾರದ ಮಾನ್ಯತೆ ಇದೆಯೋ? ಹಿಂದಿನ ವರ್ಷ ಕಲಿತವರು ಈಗ ಎಲ್ಲಿ ದುಡಿಯುತ್ತಿದ್ದಾರೆ? ಉತ್ತರ ತೊದಲಿದರೆ ಎದ್ದು ಬನ್ನಿರಿ.

ಮಳೆ ಬಂದ ಮೇಲೆ ಯಾರೂ ಕುಂಟೆ ಹುಡುಕುವುದಿಲ್ಲ. ಹೊಲವನ್ನು ಮೊದಲೇ ಹದ ಮಾಡಿರುತ್ತೀರಿ. ಹಾಗೆಯೇ ಪರೀಕ್ಷೆಯ ಫಲಿತಾಂಶ ಬರುವ ಮುಂಚೆಯೇ ಮಕ್ಕಳನ್ನು ಹತ್ತಿರ ಕೂಡ್ರಿಸಿಕೊಂಡು ಮುಂದಿನ ಕಸಬಿನ ಮಾತು ಆಡಿರಿ. ಅವರ ಒಲವೇನೆಂದು ಮೊದಲು ಕೇಳಿರಿ.