ಸಭೆಯ ಮಾತು, ಹೊರಗಿನ ಕಿವಿ

ಸಭಾಪರ್ವವನ್ನು ಗಮಕಿಗಳ ಬಾಯಿಂದ ಕೇಳಿದವರಿಗೆ ವಿಕರ್ಣನ ನೆನಪು ಇದ್ದೇ ಇರುತ್ತದೆ. ದ್ರೌಪದಿಯ ಪ್ರಶ್ನೆಗೆ ಭೀಷ್ಮನಂಥವನೇ ಧರ್ಮ ಸೂಕ್ಷ್ಮವಾದದ್ದೆಂದು ತಡವರಿಸಿದಾಗ, ಎದ್ದು ನಿಂತು ನೇರವಾಗಿ ಉತ್ತರ ಕೊಟ್ಟವನು ಪಾಂಡವರ ಕಡೆಯವನಲ್ಲ, ದುರ್ಯೋಧನನ ಒಡಹುಟ್ಟಿದವನೇ. ಕರ್ಣ ಅವನನ್ನು ಹುಡುಗನೆಂದು ಜರೆದ. ಅವನ ಮಾತಿನಿಂದ ಸಭೆಯ ನಡೆ ಬದಲಾಗಲಿಲ್ಲ. ತನ್ನವರ ನಡುವೆಯೇ ಕುಳಿತು ತನ್ನವರನ್ನೇ ಪ್ರಶ್ನಿಸುವವನ ಪಾಡು ಎಲ್ಲ ಕಾಲದಲ್ಲಿಯೂ ಕಷ್ಟದ್ದೇ.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ರಾಜ್ಯಶಾಸ್ತ್ರ ನನ್ನ ವ್ಯಾಸಂಗದ ವಿಷಯವಲ್ಲ. ಆದರೆ ಮಾತು ಹೇಗೆ ಕೆಲಸ ಮಾಡುತ್ತದೆ ಎಂಬುದು ಸಾಹಿತ್ಯದ ವಿದ್ಯಾರ್ಥಿಗೆ ಸಂಬಂಧಿಸಿದ ಪ್ರಶ್ನೆಯೇ ಆದ್ದರಿಂದ, ನಮ್ಮ ಲೋಕಸಭೆಯಲ್ಲಿ ಮಾತನ್ನು ಆಯುಧವಾಗಿಯೂ ಕಾನೂನಾಗಿಯೂ ಮಾಡಿದ ಒಬ್ಬ ಸದಸ್ಯರನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಅವರು ಫಿರೋಜ್ ಗಾಂಧಿ. ಪ್ರಧಾನಮಂತ್ರಿ ನೆಹರೂ ಅವರ ಅಳಿಯ ಎಂದೇ ಬಹುಮಂದಿ ಅವರನ್ನು ನೆನೆಯುತ್ತಾರೆ. ಆ ನಂಟಸ್ತಿಕೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಉಳಿಯುವಷ್ಟು ಕೆಲಸ ಅವರದಿದೆ.

1952ರ ಮೊದಲ ಮಹಾಚುನಾವಣೆಯಲ್ಲಿ ಅವರು ರಾಯಬರೇಲಿಯಿಂದ ಆಡಳಿತ ಪಕ್ಷದ ಸದಸ್ಯರಾಗಿ ಆಯ್ಕೆಯಾದರು. ಮೊದಲ ಕೆಲವು ವರ್ಷ ಅವರು ಮಾತಿನಿಂದ ಗಮನ ಸೆಳೆದವರಲ್ಲ. 1955ರ ಡಿಸೆಂಬರಿನಲ್ಲಿ ವಿಮಾ ಕಾಯಿದೆಯ ತಿದ್ದುಪಡಿ ಚರ್ಚೆಗೆ ಬಂದಾಗ ಮೌನ ಮುರಿಯಿತು. ದಾಲ್ಮಿಯಾ ಸಮೂಹದ ವಿಮಾ ಕಂಪೆನಿಯೊಂದರಲ್ಲಿ ಪಾಲಿಸಿದಾರರ ಹಣ ಹೇಗೆ ಬೇರೆ ದಾರಿ ಹಿಡಿಯಿತೆಂಬುದನ್ನು ಅವರು ಲೆಕ್ಕಸಮೇತ ಸಭೆಯ ಮುಂದಿಟ್ಟರು. ಅಲ್ಲಿ ಅಲಂಕಾರಕ್ಕಿಂತ ಅಂಕಿಗಳೇ ಹೆಚ್ಚು. 1956ರ ಜನವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಜೀವವಿಮೆಯನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೀವ ವಿಮಾ ನಿಗಮ ಹುಟ್ಟಿತು. ಇದು ಒಬ್ಬರ ಭಾಷಣದ ಫಲವೆಂದರೆ ಅತಿಶಯೋಕ್ತಿಯಾದೀತು. ಆದರೆ ನೆಲ ಹದಗೊಳಿಸಿದವರಲ್ಲಿ ಅವರೂ ಒಬ್ಬರೆಂಬುದು ನಿಜ.

ಇಲ್ಲಿಯೇ ಅವರಿಗೆ ಮತ್ತೊಂದು ತೊಡಕು ಕಂಡಿತು. ಸಂವಿಧಾನದ 105ನೆಯ ವಿಧಿ ಸದಸ್ಯರ ಮಾತಿಗೆ ರಕ್ಷಣೆ ಕೊಡುತ್ತದೆ. ಸದನದಲ್ಲಿ ಆಡಿದ ಮಾತಿಗಾಗಿ ಯಾರನ್ನೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಆದರೆ ಅದೇ ಮಾತನ್ನು ಮರುದಿನ ಅಚ್ಚು ಹಾಕಿದ ಪತ್ರಿಕೆಗೆ ಅಂಥ ರಕ್ಷಣೆಯ ಭರವಸೆ ಇರಲಿಲ್ಲ. ಹಣವಂತರು ಮಾನನಷ್ಟದ ಮೊಕದ್ದಮೆ ಹೂಡುವ ಭಯ ಸಂಪಾದಕನ ತಲೆಯ ಮೇಲೆ ತೂಗುತ್ತಿತ್ತು. ಸಭೆಯಲ್ಲಿ ಬಾಯಿ ಉಂಟು, ಊರಿಗೆ ಕಿವಿ ಇಲ್ಲ ಎಂಬ ಸ್ಥಿತಿ. ‘ನ್ಯಾಷನಲ್ ಹೆರಾಲ್ಡ್’ ಪತ್ರಿಕೆಯ ಆಡಳಿತ ನೋಡಿಕೊಂಡಿದ್ದ ಫಿರೋಜರಿಗೆ ಈ ಭಯ ಎಂಥದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಖಾಸಗಿ ಸದಸ್ಯರ ಮಸೂದೆಯೊಂದನ್ನು ತಂದರು. ಸಂಸತ್ತಿನ ಕಲಾಪದ ಬಹುಮಟ್ಟಿಗೆ ನಿಜವಾದ ವರದಿಯನ್ನು, ದುರುದ್ದೇಶವಿಲ್ಲದೆ, ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದವರ ಮೇಲೆ ಮೊಕದ್ದಮೆ ನಡೆಯಕೂಡದು ಎಂಬುದು ಅದರ ತಿರುಳು. 1956ರಲ್ಲಿ ಅದು ಕಾಯಿದೆಯಾಯಿತು. ಆಕಾಶವಾಣಿಯ ಮೂಲಕ ಕೇಳುವ ತಮಗೆ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು: ಆ ಕಾಯಿದೆ ಪತ್ರಿಕೆಗಳಿಗಷ್ಟೇ ಅಲ್ಲ, ಬಾನುಲಿಗೂ ಅನ್ವಯಿಸುತ್ತಿತ್ತು. ಖಾಸಗಿ ಸದಸ್ಯರ ಮಸೂದೆ ಕಾಯಿದೆಯಾಗುವುದು ಎಷ್ಟು ಅಪರೂಪವೆಂದರೆ, ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಅಂಥವು ಕೇವಲ 14. 1970ರ ಅನಂತರ ಒಂದೂ ಇಲ್ಲ.

ಆ ಕಾಯಿದೆಯ ಬೆಲೆ ಮರುವರ್ಷವೇ ತಿಳಿಯಿತು. ಹೊಸ ವಿಮಾ ನಿಗಮವು 1957ರ ಜೂನಿನಲ್ಲಿ ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಆರು ಕಂಪೆನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿ ತೆತ್ತು ಕೊಂಡಿತ್ತು. ನಿಗಮದ ಹೂಡಿಕೆ ಸಮಿತಿಯನ್ನು ಕೇಳದೆಯೇ ನಡೆದ ವ್ಯವಹಾರವಿದು. ಡಿಸೆಂಬರ್ 16ರಂದು ಫಿರೋಜರು ಈ ಪ್ರಕರಣವನ್ನು ಸದನದಲ್ಲಿ ಬಿಚ್ಚಿಟ್ಟರು. ಎದುರಿಗಿದ್ದವರು ತಮ್ಮದೇ ಪಕ್ಷದ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿ. ಜನಸಾಮಾನ್ಯರ ಉಳಿತಾಯದ ಹಣ ಕುಸಿಯುತ್ತಿದ್ದ ಸಾಹಸಿಯೊಬ್ಬನ ನೆರವಿಗೆ ಹೋದದ್ದೇಕೆ ಎಂಬ ಒಂದೇ ಪ್ರಶ್ನೆಯನ್ನು ಅವರು ಹತ್ತು ಬಗೆಯಲ್ಲಿ ಕೇಳಿದರು. ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಅವರ ಆಯೋಗ ನೇಮಕವಾಗಿ ಬಹಿರಂಗ ವಿಚಾರಣೆ ನಡೆಸಿತು. ಕಾರ್ಯದರ್ಶಿಯ ಕೆಲಸಕ್ಕೆ ಮಂತ್ರಿಯೇ ಹೊಣೆಯೆಂದು ಛಾಗ್ಲಾ ವರದಿ ಸಾರಿತು. 1958ರ ಫೆಬ್ರವರಿಯಲ್ಲಿ ಅರ್ಥಸಚಿವರು ರಾಜೀನಾಮೆ ಕೊಟ್ಟರು. ಈ ವಿಕರ್ಣನ ಮಾತನ್ನು ಸಭೆ ಕೇಳಿತು. ಸಭೆಗಿಂತ ಹೆಚ್ಚಾಗಿ, ಪತ್ರಿಕೆಗಳ ಮೂಲಕ, ದೇಶ ಕೇಳಿತು.

ಫಿರೋಜ್ ಗಾಂಧಿ 1960ರ ಸೆಪ್ಟೆಂಬರಿನಲ್ಲಿ, 48 ತುಂಬುವ ಮೊದಲೇ ತೀರಿಕೊಂಡರು. ಅವರ ಕಾಯಿದೆಗೆ ಮುಂದೆ ಒದಗಿದ ಗತಿ ಯಾವ ನಾಟಕಕಾರನೂ ಊಹಿಸಲು ಹಿಂಜರಿಯುವಂಥದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅದು ರದ್ದಾಯಿತು. ಆಗ ಪ್ರಧಾನಮಂತ್ರಿಯಾಗಿದ್ದವರು ಅವರ ಪತ್ನಿ ಇಂದಿರಾ ಗಾಂಧಿ. 1977ರಲ್ಲಿ ಸರ್ಕಾರ ಬದಲಾದ ಮೇಲೆ ಕಾಯಿದೆ ಮರುಹುಟ್ಟು ಪಡೆಯಿತು. 1978ರ 44ನೆಯ ತಿದ್ದುಪಡಿಯಂತೆ ಅದರ ಸಾರ ಸಂವಿಧಾನದ 361ಎ ವಿಧಿಯಾಗಿ ಸೇರಿತು. ಸಾಧಾರಣ ಬಹುಮತದಿಂದ ಅಳಿಸಬಹುದಾಗಿದ್ದದ್ದು ಹಾಗೆ ಅಳಿಸಲಾಗದ್ದಾಯಿತು.

ಈಗ ಸಂಸತ್ತಿನ ಕಲಾಪವನ್ನು ಮನೆಯಲ್ಲಿ ಕುಳಿತೇ ನೋಡುತ್ತೇವೆ. ಕೇಳುವ ಹಕ್ಕು ಗಾಳಿ ಬೆಳಕಿನಂತೆ ತಾನಾಗಿ ಬಂದದ್ದೆಂದು ನಮಗೆ ತೋರಬಹುದು. ಅದು ಒಮ್ಮೆ ದೊರಕಿ, ಒಮ್ಮೆ ಕಳೆದು, ಮತ್ತೆ ದೊರಕಿದ್ದು. ಹಿಂದಿನ ಸಾಲಿನ ಸದಸ್ಯನೊಬ್ಬ ಕಡತಗಳನ್ನು ಓದಿ, ನಿಯಮಗಳನ್ನು ತಿಳಿದು, ತನ್ನವರ ಮುನಿಸನ್ನು ತಾಳಿಕೊಂಡು ಕೆಲಸ ಮಾಡಿದ್ದರ ಫಲ ಅದು. ನಮ್ಮ ಪ್ರತಿನಿಧಿಯನ್ನು ಅಳೆಯುವಾಗ ಅವನು ಎಷ್ಟು ಗಟ್ಟಿಯಾಗಿ ಕೂಗಿದನೆಂದಲ್ಲ, ಯಾವ ಪ್ರಶ್ನೆ ಕೇಳಿದ, ಅದಕ್ಕಾಗಿ ಎಷ್ಟು ಓದಿಕೊಂಡು ಬಂದಿದ್ದ ಎಂದು ವಿಚಾರಿಸುವುದು ಕೇಳುಗರಾದ ನಮ್ಮ ಪಾಲಿನ ಕೆಲಸ.